ಎಂಬತ್ತನಾಲ್ಕು ಕಿಲೋಮೀಟರ್

ಆ ಕೆಂಪು ಕಾರನ್ನು ನಟ್ಟಣ್ಣ ತನ್ನ ಸ್ಕೂಟರಿನಲ್ಲಿ ಹಿಂದೆ ಹಾಕಿದ್ದು ಒಂದಲ್ಲ ಎರಡಲ್ಲ, ನಾಲ್ಕು ಸಲ. ನಾಲ್ಕನೆಯ ಸಲ ಹಿಂದಿನ ಸೀಟಿನಲ್ಲಿ ಹೆಂಡತಿ ಇದ್ದಳು. ಅವಳ ತೊಡೆಯ ಮೇಲೆ ತರಕಾರಿ ಚೀಲವಿತ್ತು, ಚೀಲದಿಂದ ಒಂದು ಸೋರೆಕಾಯಿ ಕತ್ತು ಹೊರಹಾಕಿ ರಸ್ತೆ ನೋಡುತ್ತಿತ್ತು. ಇಟಲಿಯಲ್ಲಿ ಹುಟ್ಟಿ, ಗಂಟೆಗೆ ಮುನ್ನೂರು ಕಿಲೋಮೀಟರ್ ಓಡಲೆಂದೇ ಮೈ ತಿದ್ದಿಸಿಕೊಂಡು ಬಂದ ಕಾರು ಸೋರೆಕಾಯಿಗೆ ದಾರಿ ಬಿಟ್ಟು ಮರ್ಯಾದೆಯಿಂದ ಪಕ್ಕಕ್ಕೆ ಸರಿಯಿತು. ಒಳಗೆ ದಂತವೈದ್ಯರು ಬಿಳಿ ಕೈಗವಸು ತೊಟ್ಟು, ಸ್ಟೀರಿಂಗನ್ನು ರೋಗಿಯ ದವಡೆಯಂತೆ ಹಗುರವಾಗಿ ಹಿಡಿದು ಕೂತಿದ್ದರು. ನಲವತ್ತರ ಮೇಲೆ ಅವರು ಹೋದದ್ದನ್ನು ಊರಿನಲ್ಲಿ ಕಂಡವರಿಲ್ಲ.

ನಟ್ಟಣ್ಣನಿಗೆ ಅವತ್ತು ಊಟ ಸೇರಲಿಲ್ಲ.

ಅವನಿಗೆ ಐವತ್ತೊಂದು ವರ್ಷ. ಅಕ್ಕನ ಗಂಡನ ಗ್ಯಾರೇಜಿನಲ್ಲಿ ಇಪ್ಪತ್ತೇಳು ವರ್ಷದಿಂದ ಚಕ್ರದ ಕೆಲಸ. ಎಂಜಿನ್ ಕೆಲಸಕ್ಕೆ ಬೇರೆ ಗ್ಯಾರೇಜುಗಳಿದ್ದವು. ಇಲ್ಲಿ ಚಕ್ರ, ಟೈರು ಮಾತ್ರ. ನಟ್ಟು ಬಿಗಿಯುವುದರಲ್ಲಿ ಅವನ ಕೈಯೇ ಅಳತೆಗೋಲು ಎಂದು ಎಲ್ಲರೂ ನಟ್ಟಣ್ಣ ಎನ್ನುತ್ತಿದ್ದರು; ಅಸಲಿ ಹೆಸರು ಅಕ್ಕನಿಗೂ ಒಮ್ಮೊಮ್ಮೆ ಮರೆಯುತ್ತಿತ್ತು. ಇಷ್ಟು ವರ್ಷಗಳಲ್ಲಿ ಎಂತೆಂಥ ಕಾರುಗಳು ಅವನ ಕೈ ದಾಟಿದ್ದವೋ! ಆದರೆ ಪ್ರತಿಯೊಂದನ್ನೂ ಅವನು ಓಡಿಸಿದ್ದು ಗೇಟಿನಿಂದ ಕಾರು ಎತ್ತುವ ಲಿಫ್ಟಿನವರೆಗೆ, ಹದಿನಾಲ್ಕು ಮೀಟರ್. ಗಿರಾಕಿಯ ಕಾರನ್ನು ಗೇಟಿನಾಚೆ ಒಯ್ದವನಿಗೆ ಅವತ್ತೇ ಗೇಟ್ ಪಾಸು, ಇದು ಭಾವನ ಕಾನೂನು. ಗಿರಾಕಿಯ ಕಾರಿನಲ್ಲಿ ಚಹಾ ಕುಡಿಯಲು ಹೋದ ಸ್ವಂತ ತಮ್ಮನನ್ನೇ ಭಾವ ಚಹಾ ಆರುವ ಮುಂಚೆ ಕೆಲಸದಿಂದ ತೆಗೆದಿದ್ದ.

ಹಾಗಿರುವಾಗ ದಂತವೈದ್ಯರು ಒಂದು ಸಂಜೆ ಚಿತ್ರವೊಂದನ್ನು ಹಿಡಿದು ಬಂದರು. ಅವರ ಕಾರಿಗೆ ಹೊಸ ಚಕ್ರಗಳು ಬೇಕಂತೆ: ಒಂದು ಇಂಚು ದೊಡ್ಡವು, ಅಚ್ಚಿಗೆ ಎರೆದವಲ್ಲ, ಒತ್ತಿ ಬಡಿದು ಮಾಡಿದವು, ಒಂದೊಂದೂ ಹಳೆಯದಕ್ಕಿಂತ ಎರಡೂವರೆ ಕಿಲೋ ಹಗುರ. ಜೊತೆಗೆ ರೇಸಿನ ಟ್ರ್ಯಾಕಿಗೆ ಹೇಳಿಮಾಡಿಸಿದ ಟೈರುಗಳು, ಹಿಂದಿನವು ಒಂದೂವರೆ ಗೇಣು ಅಗಲ.

"ಇವನ್ನ ಹಾಕಿದ್ರೆ ತಿರುವಿನಲ್ಲಿ ಕಾರು ನೆಲ ಕಚ್ಚಿಕೊಂಡು ಹೋಗತ್ತೆ ಡಾಕ್ಟ್ರೇ," ಅಂದ ನಟ್ಟಣ್ಣ, ಬಾಯಲ್ಲಿ ನೀರೂರಿಸಿಕೊಂಡು. "ಒಂದ್ಸಲ ಉದ್ದ ರಸ್ತೇಲಿ ಬಿಟ್ಟು ನೋಡ್ಬೇಕು ನೀವು."

"ನನಗೆ ನೋಡೋಕೆ ಚೆನ್ನಾಗಿರಬೇಕು, ಅಷ್ಟೇ," ಅಂದರು ದಂತವೈದ್ಯರು. "ನೀವು ಚಕ್ರ ನೋಡ್ಕೊಳ್ಳಿ ಸಾಕು. ಇಂಥ ಕಾರು ಓಡಿಸೋ ವಿಷಯ ನಿಮಗೆ ಅರ್ಥ ಆಗಲ್ಲ."

ನಟ್ಟಣ್ಣ ನಕ್ಕ. ನಗುವಿನ ಹಿಂದೆ ಏನೋ ಒಂದು ಟಪ್ಪೆಂದು ಕಳಚಿಕೊಂಡಿತು. ಆ ಕಾರನ್ನು ಒಂದು ಸಲ, ಒಂದೇ ಒಂದು ಸಲ, ಅದು ಹುಟ್ಟಿದ ಕಾರಣಕ್ಕೆ ತಕ್ಕಂತೆ ಓಡಿಸುವುದು ಈಗ ಆಸೆಯಲ್ಲ, ನ್ಯಾಯ ಅನ್ನಿಸಿತು.

ಉಪಾಯ ಹೊಳೆದದ್ದು ಹೊಸ ಟೈರುಗಳು ಬಂದ ದಿನ. ಹೊಸ ಟೈರಿನ ಮೈಮೇಲೆ ಸಣ್ಣ ಸಣ್ಣ ರಬ್ಬರಿನ ಕೂದಲು ಇರುತ್ತವೆ, ಎಳೆಗೂಸಿನ ತಲೆಯಂತೆ. ರಸ್ತೆಗೆ ಬಿದ್ದ ಮೊದಲ ಕೆಲವೇ ಮೈಲಿಗಳಲ್ಲಿ ಅವು ಸವೆದು ಉದುರುತ್ತವೆ. ನಟ್ಟಣ್ಣ ಕೂದಲ ಮೇಲೆ ಕೈಯಾಡಿಸುತ್ತ ನಿಂತ. ಕಾರನ್ನು ಹಳೆಯ ಚಕ್ರಗಳ ಮೇಲೆ ಓಡಿಸಿ ತಂದು, ಆಮೇಲೆ ಹೊಸವನ್ನು ಹಾಕಿದರೆ? ಗೇಟು ದಾಟಿಲ್ಲ ಎನ್ನುವುದಕ್ಕೆ ನಾಲ್ಕು ಟೈರಿನ ಒಂದೊಂದು ಕೂದಲೂ ಸಾಕ್ಷಿ. ಖುಷಿಗೆ ಟೈರನ್ನು ತಬ್ಬಿಕೊಂಡ, ಅಂಗಿಯೆಲ್ಲ ಕರಿಯಾಯಿತು.

ಮಿಕ್ಕಿದ್ದು ಸುಲಿದ ಬಾಳೆಹಣ್ಣು. ದಿನ, ಬುಧವಾರ: ಭಾವನಿಗೆ ಮಂಡಿನೋವು, ಪಕ್ಕದ ಊರಿನ ಆಸ್ಪತ್ರೆಗೆ ಹತ್ತಕ್ಕೆ ಹೋದರೆ ನಾಲ್ಕಕ್ಕೆ ವಾಪಸು, ಅಲ್ಲಿಯವರೆಗೆ ಗ್ಯಾರೇಜಿನಲ್ಲಿ ನಟ್ಟಣ್ಣ ಒಬ್ಬನೇ. ದಾರಿ, ಜಲಾಶಯದ ಹಿಂದಿನ ರಸ್ತೆ: ಅಗಲ, ನುಣುಪು, ಕೊನೆಯಲ್ಲಿ ಗುಡ್ಡ ಸುತ್ತುವ ಒಂಬತ್ತು ತಿರುವು, ಕ್ಯಾಮೆರಾ ಇಲ್ಲ. ಭಾನುವಾರ ಸ್ಕೂಟರಿನಲ್ಲಿ ಹೋಗಿ ಅಳೆದು ಬಂದ. ಹೋಗಿಬರಲು ಎಂಬತ್ತನಾಲ್ಕು ಕಿಲೋಮೀಟರ್. ಇನ್ನು ಕಾರಿನ ಮೀಟರು. ಅದನ್ನು ಹಿಂದಕ್ಕೆ ತಿರುಗಿಸುವುದು ಕಳ್ಳರ ಕೆಲಸ, ನಟ್ಟಣ್ಣ ಕಲಾವಿದ. ಕಾರು ಒಳಬಂದಾಗ ಮೀಟರಿನ ಅಂಕಿಯನ್ನು ಗ್ಯಾರೇಜಿನ ಕಾರ್ಡಿನಲ್ಲಿ ಬರೆಯುವವನು ಅವನೇ ತಾನೆ? ಇದ್ದುದಕ್ಕೆ ಎಂಬತ್ತನಾಲ್ಕು ಸೇರಿಸಿ ಮುಂಚಿತವಾಗಿಯೇ ಬರೆದುಬಿಟ್ಟರೆ, ಕಾರು ಓಡಿ ಬಂದು ಆ ಅಂಕಿಯ ಮೇಲೆ ನಿಂತರೆ ಆಯಿತು. ಕೆಳಗೆ ದಂತವೈದ್ಯರದೇ ಸಹಿ ಇರುತ್ತದೆ.

ಒಂದೇ ತೊಡಕು, ಇಷ್ಟು ಚಂದದ ಅಪರಾಧವನ್ನು ಒಬ್ಬನೇ ಮಾಡಲು ಮನಸ್ಸು ಬರಲಿಲ್ಲ.

ಹೆಂಡತಿ ಗ್ರಂಥಾಲಯದಲ್ಲಿ ಕೆಲಸಕ್ಕಿದ್ದಳು. ಇಪ್ಪತ್ತು ವರ್ಷದಿಂದ ಜನರಿಗೆ "ಶ್!" ಅಂದೂ ಅಂದೂ ಮನೆಯಲ್ಲಿ ಕುಕ್ಕರು ಕೂಗಿದರೂ ತುಟಿಯ ಮೇಲೆ ಬೆರಳಿಡುತ್ತಿದ್ದಳು. ಯೋಜನೆಯನ್ನು ಕೇಳಿ, ಒಲೆ ಆರಿಸಿ ಬಂದು ಎದುರಿಗೆ ಕೂತಳು.

"ಸಿಕ್ಕಿಬಿದ್ರೆ?"

"ಸಿಕ್ಕಿಬೀಳೋಕೆ ಏನಾದ್ರೂ ಬಿಟ್ಟಿರಬೇಕಲ್ಲ?"

"ನಿಮ್ಮ ಭಾವ ಅಕ್ಕನ ಮುಖ ನೋಡಿಯೂ ಬಿಡಲ್ಲ. ಈ ವಯಸ್ಸಲ್ಲಿ ಎಲ್ಲಿ ಕೆಲಸ ಹುಡುಕ್ತೀರಿ?"

"ಹಾಗಾದ್ರೆ ಬೇಡ ಬಿಡು."

"ಬೇಡ ಅಂದ್ನಾ ನಾನು?" ಅಂದಳು ಹೆಂಡತಿ. "ಬುಧವಾರ ರಜ ಬರೀತೀನಿ. ಆ ಸೀಟು ತಗ್ಗಂತಲ್ಲ, ಚೂಡಿದಾರ್ ಹಾಕ್ಕೊಂಡ್ರೆ ಆಗುತ್ತಾ?"

ಬುಧವಾರ ಒಂಬತ್ತಕ್ಕೆ ಕಾರು ಬಂತು. ಗೇಟಿನಲ್ಲಿ ಕೆಮ್ಮಿ ಕೆಮ್ಮಿ ಶುರುವಾದ ಅದನ್ನು ನಟ್ಟಣ್ಣ ಲಿಫ್ಟಿನ ಬಳಿಗೆ ತಂದು ಮೀಟರ್ ನೋಡಿದ: ಇಪ್ಪತ್ತೊಂದು ಸಾವಿರದ ಮುನ್ನೂರ ಇಪ್ಪತ್ತೊಂಬತ್ತು. ಕಾರ್ಡಿನಲ್ಲಿ ನಾನೂರ ಹದಿಮೂರು ಎಂದು ದುಂಡಗೆ ಬರೆದ. ದಂತವೈದ್ಯರು ಕಣ್ಣೂ ಹಾಯಿಸದೆ ಸಹಿ ಹಾಕಿ, ಐದೂವರೆಗೆ ಬರುತ್ತೇನೆಂದು ಆಟೋ ಹತ್ತಿದರು. ಹತ್ತಕ್ಕೆ ಭಾವ ಕುಂಟುತ್ತ ಹೊರಟ. ಹತ್ತೂಕಾಲಿಗೆ ನಟ್ಟಣ್ಣ ಸೀಟು ಎಲ್ಲಿದೆಯೆಂದು ದಾರದಿಂದ ಅಳೆದುಕೊಂಡ, ಕನ್ನಡಿಗಳ ಕೋನಕ್ಕೆ ಸೀಮೆಸುಣ್ಣದ ಗುರುತು ಹಾಕಿದ, ಪೆಟ್ರೋಲ್ ಮುಳ್ಳು ನಿಂತ ಜಾಗ ನೋಡಿಕೊಂಡ, ಬಾಗಿಲೆಳೆದ. ಹಿಂದಿನ ಬೀದಿಯಲ್ಲಿ ಕಪ್ಪು ಕನ್ನಡಕ ಹಾಕಿಕೊಂಡು ನಿಂತಿದ್ದ ಹೆಂಗಸು ತನ್ನ ಹೆಂಡತಿಯೆಂದು ಗುರುತಿಸಲು ಅವನಿಗೇ ಅರೆಗಳಿಗೆ ಬೇಕಾಯಿತು.

ಜಲಾಶಯದ ರಸ್ತೆ ಸಿಗುವವರೆಗೆ ಅವನು ದಂತವೈದ್ಯರಂತೆಯೇ ನಲವತ್ತರಲ್ಲಿ ಓಡಿಸಿದ. ಕಂಡವರು ಅವರೇ ಅಂದುಕೊಳ್ಳಲಿ ಎಂದು ತನ್ನದೇ ಒಂದು ಜೊತೆ ಬಿಳಿ ಕೈಗವಸನ್ನೂ ಹಾಕಿಕೊಂಡಿದ್ದ. ಆಮೇಲೆ ರಸ್ತೆ ಬಿಚ್ಚಿಕೊಂಡಿತು. ನಟ್ಟಣ್ಣ ಹೆಂಡತಿಯ ಮುಖ ನೋಡಿದ. ಅವಳು ಕಣ್ಣುಮುಚ್ಚಿ ತಲೆಯಾಡಿಸಿದಳು.

ಅವನು ಕಾಲೊತ್ತಿದ.

ಮೊದಲು ಸದ್ದು ಬಂತು, ಬೆನ್ನ ಹಿಂದಿನಿಂದ, ನೂರು ಮಂದಿ ಒಟ್ಟಿಗೆ ಗಂಟಲು ಬಿಚ್ಚಿದಂತೆ. ಆಮೇಲೆ ಸೀಟು ಇಬ್ಬರನ್ನೂ ಹಿಂದಿನಿಂದ ಅವುಚಿಕೊಂಡಿತು. ನೂರು. ನೂರ ನಲವತ್ತು. ನೂರ ತೊಂಬತ್ತು. ಜಲಾಶಯ ಒಂದು ನೀಲಿ ಗೆರೆಯಾಯಿತು. ಹೆಂಡತಿ ಕಿರುಚಿದಳು. ನಟ್ಟಣ್ಣ ಹೆದರಿ ಕಾಲು ತೆಗೆದ.

"ಯಾಕ್ರೀ ನಿಧಾನ ಮಾಡಿದ್ರಿ?" ಎಂದು ಅವಳು ಅವನ ತೋಳಿಗೆ ಹೊಡೆದಳು. "ಹೋಗ್ರೀ! ಹೋಗ್ರೀ!"

ಇಪ್ಪತ್ತು ವರ್ಷ ಒಳಗಿಟ್ಟುಕೊಂಡ ಸದ್ದನ್ನೆಲ್ಲ ಅವಳು ಆ ಒಂದು ಗಂಟೆಯಲ್ಲಿ ಹೊರಹಾಕಿದಳು. ಒಂಬತ್ತು ತಿರುವುಗಳಲ್ಲಿ ಒಂಬತ್ತು ಥರ ಕೂಗಿದಳು. ನಟ್ಟಣ್ಣನ ಕಿವಿ ಮಾತ್ರ ಟೈರುಗಳ ಮೇಲಿತ್ತು. ಮುಂದಿನ ಎಡದ್ದು ತುಸು ನರಳುತ್ತಿದೆ, ಹಿಂದಿನವು ಗಟ್ಟಿಯಾಗಿ ನಿಂತಿವೆ. ಗುಡ್ಡ ಹತ್ತಿ ಇಳಿದು, ಮತ್ತೆ ನೇರ ರಸ್ತೆಯಲ್ಲಿ ಇನ್ನೂರ ಮೂವತ್ತು ಮುಟ್ಟಿದ. ಅಳುತ್ತಿದ್ದಾನೋ ನಗುತ್ತಿದ್ದಾನೋ ಅವನಿಗೇ ತಿಳಿಯಲಿಲ್ಲ.

ಊರ ಅಂಚಿಗೆ ಬಂದು ಮೀಟರ್ ನೋಡಿದರೆ ಲೆಕ್ಕ ತಪ್ಪಿತ್ತು. ಗ್ಯಾರೇಜು ಸೇರಿದರೂ ಮೂರು ಕಿಲೋಮೀಟರ್ ಕಡಿಮೆ ಬೀಳುತ್ತದೆ! ಸ್ಕೂಟರಿನ ಪುಟ್ಟ ಚಕ್ರದ ಲೆಕ್ಕ ಬೇರೆ, ಕಾರಿನದು ಬೇರೆ. ಇಪ್ಪತ್ತೇಳು ವರ್ಷ ಚಕ್ರ ತಿರುಗಿಸಿದವನಿಗೆ ಇದು ಹೊಳೆಯಬಾರದೇ? ಗೋದಾಮುಗಳ ಬಡಾವಣೆಯನ್ನು ಆರು ಸುತ್ತು ಹಾಕಿದರು, ನಲವತ್ತರಲ್ಲಿ, ಗಂಭೀರವಾಗಿ. ಒಬ್ಬ ಕಾವಲುಗಾರ ಪ್ರತಿ ಸುತ್ತಿಗೂ ಎದ್ದು ಸಲಾಮು ಹೊಡೆದ. ಹೆಂಡತಿ ಕೈಬೀಸಿ ಬೀಸಿ ನಕ್ಕು ಸೀಟಿನಿಂದ ಕೆಳಗೆ ಜಾರಿದಳು. ಕೊನೆಗೆ ಗ್ಯಾರೇಜಿನ ಒಳಗೆ ಚಕ್ರ ನಿಂತಾಗ ಮೀಟರು ನಾನೂರ ಹದಿಮೂರು ತೋರಿಸಿತು. ನಟ್ಟಣ್ಣ ಅದಕ್ಕೊಂದು ಮುತ್ತು ಕೊಟ್ಟ.

ಆಮೇಲೆ ಅವನು ಕೆಲಸಕ್ಕೆ ನಿಂತ ಬಗೆಯನ್ನು ಯಾವ ಪೊಲೀಸನಾದರೂ ನೋಡಿ ಕಲಿಯಬೇಕಿತ್ತು. ಪೆಟ್ರೋಲನ್ನು ದಾರಿಯಲ್ಲೇ ಮುಳ್ಳಿನ ಹಳೆಯ ಜಾಗಕ್ಕೆ ಕೂದಲೆಳೆಯಷ್ಟೂ ಹೆಚ್ಚುಕಮ್ಮಿಯಾಗದಂತೆ ತುಂಬಿಸಿದ್ದ. ಎರಡು ಫ್ಯಾನ್ ಹಚ್ಚಿ ಎಂಜಿನ್ ತಣಿಸಿದ. ಮುಂಗಾಜಿಗೆ ಅಂಟಿದ ಹುಳಗಳನ್ನು ಒರೆಸಿದ. ದಾರ ಹಿಡಿದು ಸೀಟನ್ನು ಮೊದಲಿನ ಜಾಗಕ್ಕೆ ತಂದ, ಕನ್ನಡಿ ಕೂರಿಸಿದ, ಸುಣ್ಣ ಅಳಿಸಿದ. ಪಕ್ಕದ ಸೀಟಿನ ಸಂದಿಯಲ್ಲಿ ಹೆಂಡತಿಯ ಒಂದು ಹೇರ್‌ಪಿನ್ನು, ಒಂದು ಉದ್ದ ಕೂದಲು ಸಿಕ್ಕವು, ಜೇಬಿಗೆ ಹಾಕಿಕೊಂಡ. ಹಳೆಯ ಚಕ್ರ ಬಿಚ್ಚಿ, ಟೈರಿನ ಸಂದುಗಳಲ್ಲಿ ಸಿಕ್ಕಿಕೊಂಡ ಜಲಾಶಯದ ರಸ್ತೆಯ ಹರಳುಕಲ್ಲುಗಳನ್ನು ಸ್ಕ್ರೂಡ್ರೈವರಿನಿಂದ ಒಂದೊಂದಾಗಿ ಕಿತ್ತು, ಚಕ್ರಗಳನ್ನು ತೊಳೆದು, ಪೆಟ್ಟಿಗೆಗಳಲ್ಲಿ ಇಟ್ಟ. ಹೊಸ ಚಕ್ರಗಳಿಗೆ ಟೈರು ಏರಿಸಿ, ಯಂತ್ರದ ಮೇಲೆ ತಿರುಗಿಸಿ, ಸಣ್ಣ ತೂಕಗಳನ್ನು ಅಂಟಿಸಿ ಸಮ ಮಾಡಿ ಜೋಡಿಸಿದ. ನಟ್ಟುಗಳನ್ನು ನಕ್ಷತ್ರದ ಆಕಾರದಲ್ಲಿ ಬಿಗಿದ. ಇಷ್ಟು ಶ್ರದ್ಧೆಯಿಂದ ಅವನು ತನ್ನ ಜನ್ಮದಲ್ಲಿ ಕೆಲಸ ಮಾಡಿರಲಿಲ್ಲ.

ನಾಲ್ಕಕ್ಕೆ ಬಂದ ಭಾವ ಕಾರನ್ನು ಸುತ್ತು ಹಾಕಿ, "ಪರವಾಗಿಲ್ಲ," ಅಂದ. ಭಾವನ ಬಾಯಲ್ಲಿ ಅದು ಬಿರುದು. ಐದೂವರೆಗೆ ದಂತವೈದ್ಯರು ಬಂದರು. ಟೈರಿನ ಕೂದಲನ್ನು ಮುಟ್ಟಿ ನೋಡಿ ಮಗುವಿನಂತೆ ಹಿಗ್ಗಿದರು.

"ಒಂದು ಇಂಚೂ ಓಡಿಲ್ಲ ಡಾಕ್ಟ್ರೇ, ಹಸಿ ಟೈರು," ಅಂದ ನಟ್ಟಣ್ಣ. ಅದು ಅಕ್ಷರಶಃ ನಿಜವಾದ್ದರಿಂದ ಹೇಳುವಾಗ ಹೊಟ್ಟೆಯೊಳಗೆ ಕಚಗುಳಿಯಾಯಿತು. ಕಾರ್ಡು, ಮೀಟರು, ಸಹಿ, ಎಲ್ಲ ತಾಳೆಯಾದವು. ಭಾವ ಬಿಲ್ಲು ಬರೆಯಲು ಪೆನ್ನು ತೆಗೆದ.

ದಂತವೈದ್ಯರು ಕೈಗವಸು ತೊಟ್ಟು, ಒಳಗೆ ಕೂತು ಕೀಲಿ ತಿರುಗಿಸಿದರು. ಎಂಜಿನ್ ಒಂದೇ ಸಲಕ್ಕೆ, ಬೆಣ್ಣೆಯಂತೆ, ಶುರುವಾಯಿತು. ಅವರು ಆರಿಸಿದರು. ಮತ್ತೆ ತಿರುಗಿಸಿದರು. ಮತ್ತೆ ಬೆಣ್ಣೆ. ಕಾರಿನಿಂದ ಇಳಿದು, ಕೈಗವಸಿನ ಒಂದೊಂದೇ ಬೆರಳನ್ನು ಎಳೆದು ಬಿಚ್ಚುತ್ತ ನಟ್ಟಣ್ಣನ ಮುಂದೆ ಬಂದು ನಿಂತರು. "ಎರಡು ವರ್ಷದಿಂದ ಇದು ಸ್ಟಾರ್ಟ್ ಮಾಡಿದಾಗೆಲ್ಲ ಮೂರು ಸಲ ಕೆಮ್ಮೋದು," ಅಂದರು. "ಇವತ್ತು ಬೆಳಿಗ್ಗೆ ನಿಮ್ಮ ಗೇಟಲ್ಲೂ ಕೆಮ್ಮಿತು. ಮೂರು ಮೆಕ್ಯಾನಿಕ್‌ಗಳಿಗೆ ತೋರಿಸಿದೆ. ಮೂವರದ್ದೂ ಒಂದೇ ಮಾತು: ಮೆಲ್ಲಗೆ ಓಡಿಸಿ ಓಡಿಸಿ ಎಂಜಿನ್ ಒಳಗೆ ಮಸಿ ಕಟ್ಟಿದೆ, ರಿಪೇರಿ ಏನೂ ಬೇಡ, ಗುಂಡಿಗೆ ಇರೋರು ಯಾರಾದ್ರೂ ಒಂದು ಗಂಟೆ ಫುಲ್ ಸ್ಪೀಡಲ್ಲಿ ಓಡಿಸಿದ್ರೆ ತಾನಾಗೇ ಹೋಗತ್ತೆ ಅಂತ. ನನಗೆ ಧೈರ್ಯ ಬಂದಿರ್ಲಿಲ್ಲ." ಅವರು ಕೈಗವಸನ್ನು ಮಡಚಿ ಜೇಬಿಗಿಟ್ಟು, ಕುತೂಹಲ ತಡೆಯಲಾರದೆ ಕೇಳಿದರು, "ಎಷ್ಟರಲ್ಲಿ ಹೋದ್ರಿ?" ಮೇಜಿನ ಹಿಂದೆ ಭಾವ ಪೆನ್ನಿನ ಮುಚ್ಚಳ ಹಾಕಿ, ನೋಯುವ ಮಂಡಿಯನ್ನು ಹಿಡಿದುಕೊಂಡು ಎದ್ದು ನಿಂತ.