ಒಂದು ಕೈಯ ರುಮಾಲು

"ಆ ತುದಿ ಬಿಡವ್ವ ಉಚ್ಚೆಂಗಿ," ಎಂದ ಅಪ್ಪ.

ಉಚ್ಚೆಂಗೆಮ್ಮ ಬಿಡಲಿಲ್ಲ. "ಬಿಟ್ರೆ ರುಮಾಲು ಬಿದ್ದೋಗ್ತೈತೆ ಅಪ್ಪಾ."

"ಬೀಳಲ್ಲ. ಬಿಟ್ಟು ನೋಡು."

ಅವಳು ಮೆಲ್ಲಗೆ ಬಿಟ್ಟಳು. ಅಪ್ಪ ಆ ತುದಿಯನ್ನು ಬಾಗಿಲ ಚಿಲಕಕ್ಕೆ ಸಿಕ್ಕಿಸಿದ. ಇನ್ನೊಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದ. ಎಡಗೈಯಿಂದ ಮಡಿಕೆ ಸರಿಮಾಡುತ್ತಾ, ಬುಗುರಿಯ ಹಾಗೆ ತಾನೇ ತಿರುಗುತ್ತಾ ತಿರುಗುತ್ತಾ ಬಾಗಿಲ ಹತ್ತಿರ ಬಂದ. ಚಿಲಕದಿಂದ ತುದಿ ಬಿಡಿಸಿ ಸಿಕ್ಕಿಸಿಕೊಂಡ. ನೋಡಿದರೆ, ಕೆಂಪಂಚಿನ ಬಿಳಿ ರುಮಾಲು ತಲೆಯ ಮೇಲೆ ನೆಟ್ಟಗೆ ಕೂತಿತ್ತು!

"ಅವ್ವಾ, ಬಾ ಇಲ್ಲಿ! ಅಪ್ಪ ಒಬ್ನೇ ಕಟ್ಕೊಂಡ!" ಉಚ್ಚೆಂಗಿ ಕುಣಿದಳು.

ಅವ್ವ ಓಬವ್ವ ಒಲೆಯ ಮುಂದಿನಿಂದ ಎದ್ದು ಬಂದಳು. ಸೆರಗಿನಿಂದ ಕಣ್ಣೊರೆಸಿಕೊಂಡು, "ಹೊಗೆ," ಎಂದಳು.

ಅಪ್ಪ ಕೆಂಚವೀರಪ್ಪ ಮೊದಲು ದಾವಣಗೆರೆಯ ಒಂದು ಹತ್ತಿ ಮಿಲ್ಲಿನಲ್ಲಿ ನೂಲಿನ ಕೆಲಸಕ್ಕಿದ್ದ. ಹೋದ ವರ್ಷ ಯಂತ್ರಕ್ಕೆ ಸಿಕ್ಕಿ ಅವನ ಬಲಗೈ ಮಣಿಕಟ್ಟಿನವರೆಗೂ ಹೋಯಿತು. ಮಿಲ್ಲಿನವರು ಕೊಟ್ಟ ಹಣ ಆಸ್ಪತ್ರೆಗೇ ಮುಗಿಯಿತು. ಅಂದಿನಿಂದ ಆನೆಕೊಂಡದ ಹತ್ತಿರವಿದ್ದ ಅವರ ಲೈನಿನಲ್ಲಿ, ಎಂದರೆ ಮಿಲ್ ಕೂಲಿಗಾರರ ಸಾಲುಮನೆಗಳಲ್ಲಿ, ಹೆಂಗಸರು ದಿನಾ ಜೋಳ ಬೀಸುವ ಮೊದಲು ಒಂದು ಹಿಡಿ ತೆಗೆದು ಗಡಿಗೆಗೆ ಹಾಕುತ್ತಿದ್ದರು. ಅದಕ್ಕೆ ಹಿಡಿಜೋಳ ಎಂದು ಹೆಸರು. ಭಾನುವಾರ ಸಂಜೆ ಬೇವಿನ ಕಟ್ಟೆಯ ಹತ್ತಿರ ಯಲ್ಲಕ್ಕ ಎಲ್ಲರ ಗಡಿಗೆಯನ್ನೂ ಒಟ್ಟುಗೂಡಿಸಿ ಎರಡು ಪಾಲು ಮಾಡುತ್ತಿದ್ದಳು. ಒಂದು ಕೆಂಚವೀರಪ್ಪನಿಗೆ, ಇನ್ನೊಂದು ಗಂಡ ತೀರಿಹೋಗಿ ಕಣ್ಣು ಮಂಜಾಗಿದ್ದ ದಿಲ್ಷಾದ್ ಬೇಗಂಗೆ.

ಆ ಸಂಜೆ ಅಪ್ಪ ಚೀಲ ಹಿಡಿದು ಕಟ್ಟೆಗೆ ಹೊರಟ. ಉಚ್ಚೆಂಗಿ ಎದೆ ಉಬ್ಬಿಸಿಕೊಂಡು ಪಕ್ಕದಲ್ಲೇ ನಡೆದಳು.

ಕಟ್ಟೆಯ ಹತ್ತಿರ ಲೈನಿನವರು ಸೇರಿದ್ದರು. ಎಲ್ಲರೂ ಅಪ್ಪನ ತಲೆಯನ್ನೇ ನೋಡಿದರು. ಹಿಡಿಜೋಳಕ್ಕೆ ಬರುವವರು ಬರಿತಲೆಯಲ್ಲಿ ಬರಬೇಕು. ಹಾಗೆಂದು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಆದರೆ ಲೈನಿನಲ್ಲಿ ಎಲ್ಲರಿಗೂ ಗೊತ್ತಿತ್ತು.

"ಏನಪ್ಪಾ ಮದುವಣಿಗ, ದಿಬ್ಬಣ ಎಲ್ಲಿಗೆ?" ಎಂದು ಯಾರೋ ನಕ್ಕರು.

"ರುಮಾಲು ಸುತ್ಕೊಂಡು ಜೋಳಕ್ಕೆ ಬರ್ತಾರೇನ್ರಿ?" ಎಂದಳು ಕಮಲಕ್ಕ.

ಉಚ್ಚೆಂಗಿಗೆ ತಡೆಯಲಾಗಲಿಲ್ಲ. "ನಮ್ಮಪ್ಪ ತಾನೇ ಕಟ್ಕೊಂಡಾನೆ! ಒಂದೇ ಕೈಯಾಗ! ಸೈಕಲ್ಲೂ ಹೊಡೀತಾನೆ. ಹೋದ ತಿಂಗಳು ಹರಿಹರಕ್ಕೆ ಹೋಗಿ ಬಂದಾನೆ!"

ಕಟ್ಟೆಯ ಮೇಲೆ ಕೂತಿದ್ದ ತಿಪ್ಪೇರುದ್ರಪ್ಪ ತಲೆ ಎತ್ತಿದ. ಅವನು ಮಿಲ್ಲಿನ ಮೇಸ್ತ್ರಿ. ಲೈನಿನಲ್ಲಿ ಅವನ ಮಾತೆಂದರೆ ಮಾತು.

"ಹರಿಹರಕ್ಕಾ? ಸೈಕಲ್ ಮ್ಯಾಲೆ?" ಎಂದ. "ಅಷ್ಟು ಶಕ್ತಿ ಇರೋನಿಗೆ ಜೋಳ ಯಾಕ್ರಪ್ಪಾ? ಏನೂ ಮಾಡಕ್ಕಾಗದೋರಿಗೆ ಅಂತ ಇದು. ಈ ಪದ್ಧತಿ ಬದಲಾಗ್ಬೇಕು. ಇವತ್ತು ಕೊಡು ಯಲ್ಲಕ್ಕ. ಬರೋ ಭಾನುವಾರ ಕೂತು ಮಾತಾಡಾನ."

ಅಪ್ಪ ಚೀಲ ಹೆಗಲಿಗೆ ಹಾಕಿಕೊಂಡ. ಮನೆಯವರೆಗೂ ಉಚ್ಚೆಂಗಿ ಅವನ ಮುಖ ನೋಡಲಿಲ್ಲ.

ಮಾರನೆಯ ದಿನ ಶಾಲೆಯಲ್ಲಿ ಮೇಸ್ತ್ರಿಯ ಮಗ ಕರಿಬಸವರಾಜ ಬೆಂಚಿನ ಮೇಲೆ ಹತ್ತಿ ಕೂಗಿದ: "ಬರ್ರಿ ಬರ್ರಿ, ಸರ್ಕಸ್ ಬಂದೈತೆ! ಒಂದ್ ಕೈ ರುಮಾಲು, ಒಂದ್ ಕೈ ಸೈಕಲ್! ಉಚ್ಚೆಂಗೀ, ಟಿಕೆಟ್ ಎಷ್ಟೇ?"

ಹುಡುಗರೆಲ್ಲ ನಕ್ಕರು. ಉಚ್ಚೆಂಗಿ ಸ್ಲೇಟಿನ ಹಿಂದೆ ಮುಖ ಮುಚ್ಚಿಕೊಂಡಳು.

ನಲ್ಲಿಯ ಹತ್ತಿರವೂ ಅದೇ ಮಾತು. "ಸರ್ಕಾರದೋರು ಗತಿಯಿಲ್ಲದ ಮುದುಕ್ರಿಗೆ ತಿಂಗಳಾ ತಿಂಗಳಾ ಪಿಂಚಣಿ ಕೊಡ್ತಾರಂತೆ ಕಣ್ರಿ," ಎಂದಳು ಒಬ್ಬಳು.

"ಹಿಂಗೆ ಕೂಡ್ಸಿ ಕೊಟ್ರೆ ಯಾರು ದುಡೀತಾರೆ?" ಎಂದಳು ಕಮಲಕ್ಕ.

"ನೀನು ಮುದುಕಿ ಆದಾಗ ಬ್ಯಾಡ ಅನ್ನು, ನೋಡಾನ," ಎಂದಳು ಯಲ್ಲಕ್ಕ. ಅಷ್ಟರಲ್ಲಿ ಉಚ್ಚೆಂಗಿ ಕೊಡ ಹಿಡಿದು ಬಂದಳು. ಯಲ್ಲಕ್ಕ ತನ್ನ ಕೊಡವನ್ನು ಹಿಂದಕ್ಕೆ ಸರಿಸಿ, "ನೀ ಹಿಡ್ಕೋ ಮೊದ್ಲು, ಶಾಲೆಗೆ ಹೊತ್ತಾಗ್ತೈತೆ," ಎಂದಳು.

ಉಚ್ಚೆಂಗಿಗೆ ಒಂದೇ ಚಿಂತೆ. ಜೋಳ ನಿಂತರೆ? ಅವ್ವನಿಗೆ ಹತ್ತಿ ಆರಿಸುವ ಕೆಲಸ ಒಂದು ದಿನ ಇದ್ದರೆ ಇನ್ನೊಂದು ದಿನ ಇಲ್ಲ. ತಾನು ಬಾಯಿ ಮುಚ್ಚಿಕೊಂಡಿದ್ದರೆ ಇದೆಲ್ಲ ಆಗುತ್ತಲೇ ಇರಲಿಲ್ಲ.

ಶನಿವಾರ ಅವ್ವ ರೊಟ್ಟಿ ಬಡಿಯುತ್ತಾ ಅಪ್ಪನಿಗೆ ಹೇಳಿದಳು, "ನಾಳೆ ಬರಿತಲೇಲಿ ಹೋಗ್ರಿ. ಒಂದೀಟು ತಲೆ ತಗ್ಗಿಸಿದ್ರೆ ಏನು ಹೋಗ್ತೈತೆ?"

ಅಪ್ಪ ರುಮಾಲನ್ನು ಮಡಚಿ ಗೂಟಕ್ಕೆ ಹಾಕಿದ.

ಭಾನುವಾರ ಮಧ್ಯಾಹ್ನ ಉಚ್ಚೆಂಗಿ ಗೂಟದ ಮೇಲಿದ್ದ ರುಮಾಲನ್ನು ತೆಗೆದು ಕೌದಿಗಳ ಕೆಳಗೆ ಬಚ್ಚಿಟ್ಟಳು. ರುಮಾಲು ಇಲ್ಲದಿದ್ದರೆ ಅಪ್ಪ ಕಟ್ಟುವುದಾದರೂ ಹೇಗೆ?

ಸಂಜೆ ಅಪ್ಪ ಗೂಟ ನೋಡಿದ. ಪೆಟ್ಟಿಗೆಯ ಹಿಂದೆ ನೋಡಿದ. ಕೊನೆಗೆ ಬಾಗಿಲಲ್ಲಿ ಸುಮ್ಮನೆ ನಿಂತುಬಿಟ್ಟ. ಹೆಗಲು ಜೋತುಬಿದ್ದಿತ್ತು. ಆಸ್ಪತ್ರೆಯಿಂದ ಬಂದ ದಿನ ಅವನು ಹಾಗೇ ನಿಂತಿದ್ದ.

ಉಚ್ಚೆಂಗಿ ಓಡಿಹೋಗಿ ಕೌದಿ ಎಳೆದಳು. ರುಮಾಲನ್ನು ಅಪ್ಪನ ಎಡಗೈಯಲ್ಲಿಟ್ಟಳು.

"ನಾನೇ ಇಟ್ಟಿದ್ದೆ," ಎಂದಳು.

ಅಪ್ಪ ಅವಳನ್ನು ನೋಡಿದ. "ಸುಕ್ಕಾಗೈತಲ್ಲವ್ವ," ಎಂದ ಅಷ್ಟೆ. ಆಮೇಲೆ ತುದಿಯನ್ನು ಚಿಲಕಕ್ಕೆ ಸಿಕ್ಕಿಸಿದ.

ಕಟ್ಟೆಯ ಸುತ್ತ ಲೈನಿನವರೆಲ್ಲ ನೆರೆದಿದ್ದರು. ಮೇಸ್ತ್ರಿ ಗಂಟಲು ಸರಿಮಾಡಿಕೊಂಡ.

"ನನಗೇನು ಕೆಂಚವೀರನ ಮ್ಯಾಲೆ ಹಗೆ ಇಲ್ಲ. ಆದ್ರೆ ನಮ್ಮ ಮನ್ಯಾಗೂ ಮಕ್ಕಳು ಅದಾವೆ. ಅವರ ಬಾಯಿಂದ ತೆಗೆದ ಜೋಳ ಇದು. ಸರಿಯಾದೋರಿಗೆ ಹೋಗ್ಬೇಕೋ ಬ್ಯಾಡೋ?" ಎಂದು ಉಚ್ಚೆಂಗಿಯ ಕಡೆ ತಿರುಗಿದ. ಅವನ ದನಿ ಗಡುಸಾಗಿರಲಿಲ್ಲ. "ಮಕ್ಕಳು ಸುಳ್ಳು ಹೇಳಲ್ಲ. ನೀನೇ ಹೇಳವ್ವ, ನಿಮ್ಮಪ್ಪಂಗೆ ಏನೇನು ಮಾಡಕ್ಕೆ ಬರ್ತೈತೆ?"

ಅವ್ವ ದೂರದಿಂದ ಕಣ್ಣಲ್ಲೇ 'ಬ್ಯಾಡ' ಎಂದಳು. 'ಏನೂ ಬರಲ್ಲ' ಎಂದರೆ ಸಾಕು. ಜೋಳ ಉಳಿಯುತ್ತದೆ. ಅವಳು ಅಪ್ಪನನ್ನು ನೋಡಿದಳು. ಅಪ್ಪ ಕತ್ತು ಎತ್ತಿ ನಿಂತಿದ್ದ.

"ರುಮಾಲು ಕಟ್ಟಕ್ಕೆ ಬರ್ತೈತೆ," ಎಂದಳು. "ಸೈಕಲ್ ಹೊಡಿಯಕ್ಕೆ ಬರ್ತೈತೆ. ನೀರು ತರ್ತಾನೆ. ನನ್ನ ತಲೆ ಬಾಚ್ತಾನೆ, ಬೈತಲೆ ಸೊಟ್ಟ ಆಗ್ತೈತೆ."

ಜನ ನಕ್ಕರು. ಉಚ್ಚೆಂಗಿ ನಗಲಿಲ್ಲ.

"ಜಡೆ ಹಾಕಕ್ಕೆ ಬರಲ್ಲ. ಮೂಟೆ ಎತ್ತಕ್ಕೆ ಆಗಲ್ಲ. ಮತ್ತೆ... ಹರಿದ ನೂಲು ಸೇರಿಸಕ್ಕೆ ಬರಲ್ಲ."

ನಗು ನಿಂತಿತು. ಅಲ್ಲಿದ್ದವರೆಲ್ಲ ನೂಲಿನವರೇ. ಯಂತ್ರ ಓಡುತ್ತಿರುವಾಗಲೇ ಹರಿದ ಎಳೆಯನ್ನು ಹಿಡಿದು, ಬೆರಳಲ್ಲಿ ಹೊಸೆದು ಕೂಡಿಸಬೇಕು. ಅದಕ್ಕೆ ಎರಡು ಕೈಯೂ ಬೇಕು. ಮೇಸ್ತ್ರಿಯ ಹೆಬ್ಬೆರಳು ತಾನಾಗಿಯೇ ತೋರುಬೆರಳ ಮೇಲೆ ಎಳೆ ಹೊಸೆಯುವ ಹಾಗೆ ಆಡಿತು. ಅದನ್ನು ಅವನೇ ನೋಡಿಕೊಂಡು, ಕೈಯನ್ನು ಹೆಗಲ ಮೇಲಿನ ಟವೆಲ್ಲಿನ ಒಳಗೆ ಸರಿಸಿದ.

ಆಗ ಅಪ್ಪ ಮಾತಾಡಿದ. "ಹರಿಹರಕ್ಕೆ ಹೋಗಿದ್ದು ತಿರುಗಾಡಕ್ಕಲ್ಲ ಮೇಸ್ತ್ರಿ. ಅಲ್ಲೊಂದು ಎಣ್ಣೆ ಮಿಲ್ಲಿನಾಗ ಆಳು ಬೇಕು ಅಂದಿದ್ರು. ತೋಳು ನೋಡಿ, ಹೋಗಪ್ಪಾ ಅಂದ್ರು. ಇನ್ನೂ ನಾಕು ಕಡೆ ಕೇಳ್ತೀನಿ. ಕೆಲಸ ಸಿಕ್ಕ ದಿನ ನಾನೇ ಬಂದು ಜೋಳ ಬ್ಯಾಡ ಅಂತೀನಿ. ಅಲ್ಲೀ ತನಕ ತಗೋತೀನಿ. ಆದ್ರೆ ಬರಿತಲೇಲಿ ಬರಲ್ಲ."

ಅಷ್ಟರಲ್ಲಿ ಮೂಲೆಯಿಂದ ದಿಲ್ಷಾದ್ ಬೇಗಂ ನಕ್ಕಳು.

"ಕ್ಯಾ ಮೇಸ್ತ್ರಿ ಸಾಬ್! ಹಂಗಾದ್ರೆ ನಾನೂ ಹೇಳ್ತೀನಿ. ನನ್ನ ಪೆಟ್ಟಿಗೆಯಾಗ ಒಂದು ಹಸಿರು ಸೀರೆ ಐತೆ. ಇಲ್ಲಿಗೆ ಬರುವಾಗ ಮಾತ್ರ ಈ ಹರಕು ಉಟ್ಕೊಂಡು ಬರ್ತೀನಿ. ಚೆಂದದ್ದು ಉಟ್ರೆ ನೀವು ಏನಂತೀರೋ ಅಂತ!"

ಯಲ್ಲಕ್ಕನ ಕೈಯಲ್ಲಿದ್ದ ಸೇರು ಹಾಗೇ ನಿಂತಿತು. "ಅಯ್ಯೋ ನಮ್ಮವ್ವಾ," ಎಂದಳು. "ನಾನು ಹಿಡಿ ಹಾಕಿದ್ದು ನೀನು ಹರಕು ಉಡ್ಲಿ ಅಂತೇನೇ?"

ಕಮಲಕ್ಕ ನೆಲ ನೋಡಿದಳು. ಮೇಸ್ತ್ರಿ ಎದ್ದು ಟವೆಲ್ ಕೊಡವಿದ.

"ಪದ್ಧತಿ ಬದಲಾಗ್ಬೇಕು ಅಂದಿದ್ದೆ. ಬದಲಾಯ್ತಲ್ಲ, ಬಿಡ್ರಿ. ಯಲ್ಲಕ್ಕ, ಅಳೆಯವ್ವ, ಕತ್ತಲಾಗ್ತೈತೆ."

ಹೋಗುವಾಗ ಅವನು ಅಪ್ಪನ ಮುಂದೆ ನಿಂತ. ರುಮಾಲಿನ ಒಂದು ಮಡಿಕೆ ಜಾರಿತ್ತು. ಸರಿಮಾಡಲು ಕೈ ಎತ್ತಿದವನು ಏನೋ ಯೋಚಿಸಿ ಇಳಿಸಿದ. "ಎಡಕ್ಕೆ ಸಡ್ಲಾಗೈತೆ ನೋಡು," ಎಂದ. ಅಪ್ಪನೇ ಅದನ್ನು ಒಳಗೆ ಸಿಕ್ಕಿಸಿಕೊಂಡ.

ಸೋಮವಾರ ಶಾಲೆಯಲ್ಲಿ ಕರಿಬಸವರಾಜ ತನ್ನ ಅಪ್ಪನ ಟವೆಲ್ ತಂದಿದ್ದ. "ಉಚ್ಚೆಂಗೀ, ಹೆಂಗೆ ಕಟ್ತಾರೆ ಹೇಳೇ," ಎಂದ. ಈ ಸಲ ನಗುತ್ತಿರಲಿಲ್ಲ.

ಅವಳು ಹೇಳಿಕೊಟ್ಟಳು. ಅವನು ಬಲಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು, ಒಂದು ತುದಿಯನ್ನು ಕಿಟಕಿಯ ಸರಳಿಗೆ ಸಿಕ್ಕಿಸಿ, ಇನ್ನೊಂದನ್ನು ಕಚ್ಚಿ ಹಿಡಿದು ತಿರುಗಿದ. ಟವೆಲ್ ಕತ್ತಿಗೆ ಸುತ್ತಿಕೊಂಡಿತು. ಮತ್ತೆ ತಿರುಗಿದ. ಕಣ್ಣ ಮೇಲೆ ಬಿತ್ತು. ಹುಡುಗರೆಲ್ಲ ಒಬ್ಬೊಬ್ಬರಾಗಿ ಪ್ರಯತ್ನಿಸಿದರು. ಒಬ್ಬ ತಲೆತಿರುಗಿ ಗೋಡೆಗೆ ಡಿಕ್ಕಿ ಹೊಡೆದ. ಯಾರ ತಲೆಯ ಮೇಲೂ ಅದು ನಿಲ್ಲಲಿಲ್ಲ.

ಕರಿಬಸವರಾಜ ಏದುಸಿರು ಬಿಡುತ್ತಾ ಕೂತ. "ನಿಮ್ಮಪ್ಪಂಗೆ ಕಲಿಯಕ್ಕೆ ಎಷ್ಟು ದಿನ ಹಿಡೀತೇ?"

ಉಚ್ಚೆಂಗಿ ಉತ್ತರ ಕೊಡಲು ಬಾಯಿ ತೆರೆದಳು. ಆದರೆ ಅವಳಿಗೆ ಗೊತ್ತಿರಲಿಲ್ಲ. ಅಪ್ಪ ಕಲಿಯುವುದನ್ನು ಅವಳು ಒಮ್ಮೆಯೂ ನೋಡಿರಲಿಲ್ಲ. ಅವಳು ಇಲ್ಲಿ ಮಗ್ಗಿ ಹೇಳುತ್ತಿದ್ದಾಗ, ಅವ್ವ ಹತ್ತಿ ಆರಿಸಲು ಹೋಗಿದ್ದಾಗ, ಬಾಗಿಲು ಹಾಕಿದ ಮನೆಯೊಳಗೆ ಆ ರುಮಾಲು ಎಷ್ಟು ಸಲ ಬಿದ್ದಿತ್ತೋ. ಬಿದ್ದದ್ದನ್ನು ಎಷ್ಟು ಸಲ ಬಗ್ಗಿ ಎತ್ತಿಕೊಂಡಿದ್ದನೋ.

"ಹೇಳೇ," ಎಂದ ಕರಿಬಸವರಾಜ.

"ಗೊತ್ತಿಲ್ಲ," ಎಂದಳು ಉಚ್ಚೆಂಗಿ ಮೆಲ್ಲಗೆ. ನೆಲದ ಮೇಲಿದ್ದ ಟವೆಲ್ ಎತ್ತಿ, ಧೂಳು ಕೊಡವಿ, ಅವನ ಕೈಗೆ ಕೊಟ್ಟಳು. "ಇನ್ನೊಂದು ಸಲ ಮಾಡು."