ಬೀರುವಿನಲ್ಲಿ ಹದಿನೆಂಟು ಫೋನ್

“ಇಲ್ಲಿ ನಯನಾ ಮೇಡಂ ಯಾರು?”

ಬಾಗಿಲಲ್ಲಿ ನಿಂತವನ ದನಿಗೆ ಇಡೀ ಹತ್ತನೇ ತರಗತಿ ಗಪ್‌ಚುಪ್! ಮೊಣಕಾಲವರೆಗೆ ಕೆಸರು, ಖಾಕಿ ಜಾಕೆಟ್, ನಿದ್ದೆಗೆಟ್ಟ ಕೆಂಪು ಕಣ್ಣು...

ಬೋರ್ಡಿನ ಮೇಲೆ ‘ಅಡಿಕ್ಷನ್’ ಎಂದು ಇಂಗ್ಲಿಷಿನಲ್ಲಿ ಬರೆಯುತ್ತಿದ್ದವಳು ತಿರುಗಿದಳು. “ನಾನೇ. ಪಾಠ ನಡೀತಿದೆ, ಕಾಣಿಸ್ತಿಲ್ವಾ?”

“ನಿಮ್ಮ ಪಾಠದಿಂದ ಇವತ್ತೊಂದು ಜೀವ ಹೋಗ್ತಿತ್ತು ಕಣ್ರೀ!”

ಅವನು ಪ್ರತಾಪ್. ಹಾನುಬಾಳು ಸುತ್ತಿನ ಆನೆ ಕಾವಲು ತಂಡದವನು. ಕಾಡಾನೆಗಳು ಯಾವ ಎಸ್ಟೇಟಿನಲ್ಲಿವೆ, ಯಾವ ದಾರಿ ಹಿಡಿದಿವೆ ಎಂದು ವಾಟ್ಸಾಪ್ ಗ್ರೂಪಿಗೆ ಹಾಕುವುದು ಅವನ ಕೆಲಸ. ಆ ಮೆಸೇಜು ನೋಡದೆ ಈ ಕಡೆ ಯಾರೂ ಬೆಳಿಗ್ಗೆ ಅಂಗಳಕ್ಕೂ ಇಳಿಯುವುದಿಲ್ಲ.

“ನಿಮ್ಮ ರಶ್ಮಿತಾ ಮನೇಲಿ ವಾಟ್ಸಾಪ್ ಇರೋ ದೊಡ್ಡ ಫೋನು ಒಂದೇ. ಅದನ್ನ ನೀವು ಬೀರುಗೆ ಹಾಕಿ ಬೀಗ ಜಡಿದ್ಬುಟ್ಟಿದ್ದೀರ! ಇವಳು ಬಸ್ ಹತ್ತಿದ ಮೇಲೆ ಇವಳಜ್ಜಿ ಹುಲಿಯಮ್ಮ ಸೌದೆ ತರೋಕೆ ಹೋಗವ್ರೆ. ಎದುರಿಗೇ ಒಂಟಿ ಸಲಗ! ನಮ್ಮ ಜೀಪು ಒಂದು ನಿಮಿಷ ತಡ ಆಗಿದ್ರೆ...”

ಮೂರನೇ ಬೆಂಚಿನಲ್ಲಿದ್ದ ರಶ್ಮಿತಾ ಗೊಳೋ ಎಂದು ಅತ್ತಳು. ಅವನ ದನಿ ತಟ್ಟನೆ ಮೆತ್ತಗಾಯಿತು. “ಅಳ್ಬೇಡ ಕಣಮ್ಮ. ಅಜ್ಜಿ ಚೆನ್ನಾಗವ್ರೆ. ನನಗೇ ಕಾಫಿ ಕೊಟ್ಟು ಕಳಿಸಿದ್ರು.”

ನಯನಾ ಕೈಲಿದ್ದ ಚಾಕ್‌ಪೀಸ್ ಮೇಜಿನ ಮೇಲಿಟ್ಟಳು. ‘ಅಯ್ಯೋ ದೇವರೇ... ಇದು ನನಗೆ ಹೊಳೆಯಲೇ ಇಲ್ಲವಲ್ಲ!’

ಪಾಪ, ಅವಳದೂ ದುರುದ್ದೇಶವಲ್ಲ. ಅರ್ಧ ತರಗತಿ ಕಣ್ಣು ಬಿಟ್ಟುಕೊಂಡೇ ನಿದ್ದೆ ಮಾಡುತ್ತಿತ್ತು. ರೀಲ್ಸು, ಗೇಮು! ಒಂದು ಪುಟ ಕೂತು ಓದಲಾಗದ ಹದಿನೈದರ ಮಕ್ಕಳು. ಏಳು ದಿನ ಫೋನು ಬೀರುವಿನಲ್ಲಿರಲಿ, ಆ ಹೊತ್ತಿನಲ್ಲಿ ಏನು ಮಾಡಿದಿರಿ ಎಂದು ದಿನಕ್ಕೆ ಐದು ಇಂಗ್ಲಿಷ್ ವಾಕ್ಯ ಬರೆಯಿರಿ ಎಂದಿದ್ದಳು. ಹದಿನೆಂಟು ಮಕ್ಕಳು ತಾವಾಗಿಯೇ ಫೋನ್ ತಂದುಕೊಟ್ಟಿದ್ದರು.

ಅವಳು ಬೀರುವಿನ ಬೀಗ ತೆಗೆದಳು. “ತಪ್ಪು ನನ್ನದೇ. ಇವತ್ತೇ ಎಲ್ಲಾ ಫೋನ್ ದೊಡ್ಡವರ ಕೈಗೆ ಸೇರುತ್ತೆ. ಆದ್ರೆ ಪಾಠ ಮಾತ್ರ ನಿಲ್ಲಲ್ಲ!”

ಅವನು ಅವಳನ್ನೇ ದಿಟ್ಟಿಸಿದ. ‘ಎಂಥ ಹಟಮಾರಿ ಹೆಂಗಸಪ್ಪಾ ಇವಳು!’

ಹೆಡ್‌ಮಾಸ್ಟರ್ ಯೋಗಾನಂದರು ಮಾತ್ರ ಖಡಾಖಂಡಿತವಾಗಿ ಹೇಳಿಬಿಟ್ಟರು. “ಶನಿವಾರ ಪೋಷಕರ ಸಭೆ. ಅವರು ಬೇಡ ಅಂದ್ರೆ ನಿಮ್ಮ ಪಾಠ ಅಲ್ಲಿಗೇ ಮುಗೀತು ನಯನಾ ಮೇಡಂ.”

“ಬೇಡ ಅನ್ನದ ಹಾಗೆ ಮಾಡ್ತೀನಿ ಸರ್.”

ಮಾಡಿಯೇ ತೀರಬೇಕಿತ್ತು. ಈಗ ಸೋತರೆ ಆ ಮಕ್ಕಳು ಮತ್ತೆ ಆ ಪರದೆಯೊಳಗೇ ಮುಳುಗುತ್ತಾರೆ. ಅಂದು ಸಂಜೆಯೇ ಅವಳು ಕೂಲಿಯವರ ಲೈನು ಮನೆ, ತೋಟದ ಮನೆ ಎನ್ನದೆ ಹದಿನೆಂಟೂ ಮನೆ ಸುತ್ತಿದಳು. ಫೋನು ಕೊಟ್ಟು, “ನಿಮ್ಮ ಹತ್ರ ಹಳೇ ಕೀಪ್ಯಾಡ್ ಫೋನ್ ಇದೆಯಾ?” ಎಂದು ಕೇಳಿ ನಂಬರು ಬರೆದುಕೊಂಡಳು. ಕಾಲಿಗೆ ಜಿಗಣೆಯಂಥ ಇಂಬಳ ಹತ್ತಿ ರಕ್ತ ಸೋರಿದರೂ ನಿಲ್ಲಲಿಲ್ಲ.

ಗುರುವಾರ ಆ ಪಟ್ಟಿ ಹಿಡಿದು ಪ್ರತಾಪನ ಜೀಪಿನ ಮುಂದೆ ನಿಂತಳು.

“ಇವರಿಗೆಲ್ಲ ಮೆಸೇಜಿನ ಬದಲು ಕರೆ ಮಾಡಿದ್ರೆ ಆಯ್ತಲ್ವಾ? ಆನೆ ಸುದ್ದಿಗೆ ಕೀಪ್ಯಾಡ್ ಸಾಕು. ಮಕ್ಕಳ ಕೈಗೆ ದೊಡ್ಡ ಫೋನ್ ಬೇಕಾಗಲ್ಲ.”

“ಹೂಂ...” ಅವನ ಕಣ್ಣು ಪರದೆ ಬಿಟ್ಟು ಏಳಲಿಲ್ಲ.

“ಕೇಳಿಸ್ಕೊಂಡ್ರಾ?”

“ಹೂಂ ಮೇಡಂ...” ಹೆಬ್ಬೆರಳು ಆಡುತ್ತಲೇ ಇತ್ತು.

ನಯನಾಳಿಗೆ ಸಿಟ್ಟು ನೆತ್ತಿಗೇರಿತು. ಹದಿನೆಂಟು ಮನೆ ಅಲೆದು ಬಂದರೆ ಈ ಮನುಷ್ಯ...! “ರೀ, ಮಕ್ಕಳಿಗಿಂತ ನಿಮ್ಮ ಗೀಳೇ ಜಾಸ್ತಿ ಆಗಿದೆ! ಮೊದಲು ನಿಮ್ಮ ಫೋನನ್ನ ಬೀರುವಲ್ಲಿಡಬೇಕಿತ್ತು!”

ಅವನ ಮುಖ ಕಪ್ಪಿಟ್ಟಿತು. ಪಟ್ಟಿ ಇಸಿದುಕೊಂಡು ಜೀಪು ಹತ್ತಿ ಹೊರಟೇಹೋದ.

‘ಛೇ! ನನ್ನ ನಾಲಿಗೆಗೆ ಬೆಂಕಿ ಹಾಕ! ಆ ಕಣ್ಣಲ್ಲಿದ್ದದ್ದು ಕೋಪವಲ್ಲ, ನೋವು... ಅದ್ಯಾಕೆ ನನ್ನನ್ನು ಇಷ್ಟು ಕಾಡಬೇಕು?’ ಎರಡು ದಿನ ಅವಳಿಗೆ ಅನ್ನ ರುಚಿಸಲಿಲ್ಲ.

ಶನಿವಾರ ಸಭೆಯಲ್ಲಿ ಗಲಾಟೆಯೋ ಗಲಾಟೆ.

“ಇಂಗ್ಲಿಷ್ ಮೇಡಂ ಇಂಗ್ಲಿಷ್ ಹೇಳ್ಕೊಡ್ಲಿ. ಫೋನಿನ ಉಸಾಬರಿ ಯಾಕೆ?” ಎಂದರು ಒಬ್ಬರು.

ಆಗ ಎದ್ದು ನಿಂತದ್ದು ಯಾರು ಗೊತ್ತೆ? ಹುಲಿಯಮ್ಮ! ಮೊಮ್ಮಗಳ ನೋಟ್‌ಬುಕ್ ಕೈಯಲ್ಲಿತ್ತು.

“ಆನೆ ನೋಡಿ ನನ್ನ ಜೀವ ಬಾಯಿಗೆ ಬಂದಿದ್ದು ದಿಟ. ಆದ್ರೆ ನೋಡ್ರಪ್ಪ, ಮೂರು ವರ್ಷದಿಂದ ಈ ಹುಡ್ಗಿ ಮುಖ ಎತ್ತಿ ನನ್ನ ನೋಡಿರ್ಲಿಲ್ಲ. ಇದ್ರಾಗೆ ಏನೋ ಬರ್ದವ್ಳೆ. ಓದೇ ರಶ್ಮಿತಾ.”

ರಶ್ಮಿತಾ ಎದ್ದು ಓದಿದಳು. “ಐ ಟಾಕ್ಡ್ ಟು ಮೈ ಗ್ರ್ಯಾಂಡ್‌ಮದರ್ ಫಾರ್ ಒನ್ ಅವರ್. ಶಿ ಈಸ್ ವೆರಿ ಫನ್ನಿ.”

“ಹಂಗಂದ್ರೆ?”

“ಅಜ್ಜಿ ಜೊತೆ ಒಂದು ಗಂಟೆ ಮಾತಾಡ್ದೆ. ಅಜ್ಜಿ ತುಂಬಾ ತಮಾಷೆ ಅಂತ.”

ಮುದುಕಿ ಸೆರಗಿನಿಂದ ಕಣ್ಣೊರೆಸಿಕೊಂಡಳು. “ಆ ಒಂದು ಗಂಟೆನ ನನ್ನಿಂದ ಕಿತ್ಕಬೇಡಿ.”

ಕೊನೆಗೆ ಒಬ್ಬರು ಮೆಲ್ಲಗೆ, “ಆದ್ರೂ ಆನೆ ಬಂದ್ರೆ...?” ಎಂದರು.

“ಹದಿನೆಂಟು ಮನೆಗೂ ಇವತ್ತು ಬೆಳಗ್ಗೆ ಕೀಪ್ಯಾಡಿಗೇ ಕರೆ ಹೋಗೈತೆ.” ಹಿಂದಿನ ಸಾಲಿನಿಂದ ಪ್ರತಾಪನ ದನಿ! “ದಿನಾ ಹೋಗ್ತದೆ. ಕರೆ ಬರ್ದೇ ಇದ್ದೋರು ಕೈ ಎತ್ತಿ.”

ಒಂದು ಕೈಯೂ ಏಳಲಿಲ್ಲ. ಯೋಗಾನಂದರು ಕನ್ನಡಕ ತೆಗೆದು ನಕ್ಕರು. “ಮುಂದುವರಿಸಿ ನಯನಾ ಮೇಡಂ.”

ಎಲ್ಲರೂ ಹೋದ ಮೇಲೆ ಜಗಲಿಯಲ್ಲಿ ಉಳಿದದ್ದು ಅವರಿಬ್ಬರೇ. ಹುಲಿಯಮ್ಮ ಕೊಟ್ಟು ಹೋದ ಅಕ್ಕಿರೊಟ್ಟಿ ಪೊಟ್ಟಣ ನಡುವೆ ಇತ್ತು.

“ಅವತ್ತು ಹಾಗೆ ಅನ್ನಬಾರದಿತ್ತು. ಕ್ಷಮಿಸಿ,” ಎಂದಳು.

“ನೀವು ಅಂದಿದ್ದು ನಿಜಾನೇ.” ಅವನು ಫೋನನ್ನು ಬಿಗಿಯಾಗಿ ಹಿಡಿದೇ ಇದ್ದ. “ಎರಡು ವರ್ಷದ ಹಿಂದೆ ನಾನು ಊಟಕ್ಕೆ ಕೂತಿದ್ದೆ. ಮೆಸೇಜು ಹಾಕೋದು ಹತ್ತು ನಿಮಿಷ ತಡ ಆಯ್ತು. ಅಷ್ಟರಲ್ಲಿ ರುದ್ರಯ್ಯ ಅಂತ ಒಬ್ರು... ತೋಟಕ್ಕೆ ಹೋಗ್ಬುಟ್ಟಿದ್ರು. ವಾಪಸ್ ಬರ್ಲಿಲ್ಲ. ಅವತ್ತಿಂದ ಇದನ್ನ ಕೆಳಗಿಟ್ಟು ಒಂದು ತುತ್ತು ತಿಂದಿಲ್ಲ ನಾನು.”

ನಯನಾಳ ಕಣ್ಣು ತುಂಬಿತು. ಎರಡು ವರ್ಷ! ಒಬ್ಬನೇ! ಅವಳು ಕೈ ಚಾಚಿದಳು. “ಕೊಡಿ ಇಲ್ಲಿ.”

“ಮೇಡಂ, ತಂಡದವರ ಮೆಸೇಜು ಬಂದ್ರೆ...”

“ನಾನು ನೋಡ್ತೀನಿ. ನನಗೂ ಓದೋಕೆ ಬರುತ್ತೆ. ದಿನಾ ಸಂಜೆ ಒಂದು ಗಂಟೆ ಕಾವಲು ನನ್ನದು. ನೀವು ಊಟ ಮಾಡಿ.”

ಅವನ ಬೆರಳು ಒಂದೊಂದಾಗಿ ಸಡಿಲವಾದವು. ರೊಟ್ಟಿ ಮುರಿದು ಬಾಯಿಗಿಡುವಷ್ಟರಲ್ಲಿ ಫೋನು ಸದ್ದು ಮಾಡಿತು. ಗಡಬಡಿಸಿ ಎದ್ದೇಬಿಟ್ಟ!

“ಕೂತ್ಕೊಳ್ಳಿ,” ಎಂದಳು. ಓದಿದಳು. “ಮೂರು ಆನೆ ಮೇಲಿನ ಎಸ್ಟೇಟಿಂದ ಕಾಡಿನ ಕಡೆಗೆ ದಾಟಿವೆ.” ಗ್ರೂಪಿಗೆ ಹಾಕಿದಳು, ಅವನ ಬಳಿಯಿದ್ದ ಪಟ್ಟಿ ಮುಂದಿಟ್ಟುಕೊಂಡು ಮನೆಮನೆಗೆ ಕರೆ ಮಾಡಿದಳು. ಹದಿನೆಂಟನೆಯ ಕರೆ ಮುಗಿಸಿ ನೋಡಿದರೆ ಅವನು ರೊಟ್ಟಿ ಕೈಯಲ್ಲಿ ಹಿಡಿದು ಅವಳನ್ನೇ ನೋಡುತ್ತಿದ್ದ.

“ಹಿಂಗೆ ಎಷ್ಟು ದಿನ ಅಂತ ನೋಡ್ಕೊಳ್ತೀರ ನಯನಾ?”

ಮೇಡಂ ಅನ್ನಲಿಲ್ಲ! ಅವಳ ಎದೆ ಝಲ್ಲೆಂದಿತು.

“ನಿಮ್ಮ ಗೀಳು ಹಳೇದು. ಬೇಗ ವಾಸಿ ಆಗೋ ಥರ ಕಾಣಲ್ಲ.”

“ವಾಸಿ ಆಗ್ದೇ ಹೋದ್ರೆ?”

“ಆಗ್ದಿದ್ರೆ ಇರ್ಲಿ ಬಿಡಿ.” ಅವಳು ಇನ್ನೊಂದು ರೊಟ್ಟಿ ಅವನ ಕೈಗಿತ್ತಳು. “ನಾನೇನು ಎಲ್ಲಿಗೂ ಹೋಗ್ತಿಲ್ಲ.”