ಡಬ್ಬಿಯ ಸೂತಕ

ಅಣ್ಣ ಚನ್ನವೀರಪ್ಪ ತೀರಿಕೊಂಡ ಸುದ್ದಿ ಬಂದಾಗ ಡಾಕ್ಟರ್ ಗಿರಿಜಾ ಪರದೆಯ ಮೇಲೆ ಇಲಿಯೊಂದರ ಹೊಟ್ಟೆಯನ್ನು ನೋಡುತ್ತಿದ್ದರು. ಸಾಸಿವೆಯಷ್ಟು ಗಂಟು ಹಣತೆಯ ಕುಡಿಯಂತೆ ಬೆಳಗುತ್ತಿತ್ತು. ಅದು ಅವರೇ ಕಂಡುಹಿಡಿದ ಹೊಂಬೆಳಕು. ರಕ್ತಕ್ಕೆ ಚುಚ್ಚಿದರೆ ಅಡಗಿದ ಕ್ಯಾನ್ಸರನ್ನು ಹುಡುಕಿ ಅಂಟಿಕೊಂಡು, ವಿಕಿರಣ ಸೂಸಿ, ಕ್ಯಾಮೆರಾಕ್ಕೆ ಜಾಗ ತೋರಿಸುವ ದ್ರವ. ಇಪ್ಪತ್ತೊಂದನೆಯ ಶತಮಾನ ಅರ್ಧ ದಾಟಿದ್ದರೂ ಅಷ್ಟು ಸಣ್ಣ ಗಂಟನ್ನು ಬೇರಾವ ಯಂತ್ರವೂ ಕಂಡಿರಲಿಲ್ಲ.

ಅಣ್ಣನ ಹೊಟ್ಟೆಯಲ್ಲೂ ಅಂಥದೇ ಒಂದು ಅಡಗಿದೆಯೆಂದು ವೈದ್ಯರಿಗೆ ಶಂಕೆಯಿತ್ತು. "ನನಗ ಚುಚ್ಚವಾ. ನಾ ಏನ್ ಇಲಿಗಿಂತ ಕಡಿಮೀನ?" ಎಂದು ಯುಗಾದಿಯಂದು ನಕ್ಕು ಕೇಳಿದ್ದರು. ಮೂತ್ರಪಿಂಡಕ್ಕೂ ಮೂಳೆಯ ಮಜ್ಜೆಗೂ ಕೇಡಿಲ್ಲವೆಂದು ಇಲಿಗಳಲ್ಲಿ ಖಚಿತವಾಗುವ ತನಕ ಆಗದೆಂದು ಗಿರಿಜಾ ಒಪ್ಪಿರಲಿಲ್ಲ.

ಮಣ್ಣು ಕೊಟ್ಟು ಬಂದ ಮೇಲೆ ಅತ್ತಿಗೆ ನೀಲವ್ವ ಕೇಳಿದ್ದು ಒಂದೇ ಮಾತು: "ಆ ಔಷಧ ವಿಷ ಇತ್ತೋ ಇಲ್ಲೋ, ಅಷ್ಟ ಹೇಳವಾ."

ಲಿಂಗಾಯತರಿಗೆ ಸೂತಕವಿಲ್ಲ. ಮರುದಿನವೇ ಗಿರಿಜಾ ಧಾರವಾಡದ ಪ್ರಯೋಗಾಲಯಕ್ಕೆ ಬಂದು, ಕೇಡಾಗುತ್ತದೋ ಎಂದು ನೋಡಲು ಎಷ್ಟೋ ಪಟ್ಟು ಹೆಚ್ಚು ಹೊಂಬೆಳಕು ಚುಚ್ಚಿದ್ದ ಇಲಿಗಳ ಅಂಗಗಳಿದ್ದ ಸೀಸದ ಡಬ್ಬಿಗೆ ಕೈ ಹಾಕಿದರು. ಇಲಿಮನೆ ನೋಡಿಕೊಳ್ಳುವ ಮಲಿಕಸಾಬ ಅಡ್ಡ ಬಂದ.

"ಇನ್ನೂ ಕಿರಣ ಆರಿಲ್ರಿ ಬಾಯಾರ."

"ನಮಗ ಸೂತಕ ಇಲ್ಲೋ ಮಾರಾಯಾ."

"ನಿಮಗ ಇಲ್ಲರಿ. ಡಬ್ಬಿಗೆ ಐತಲ್ರಿ."

ವಿಕಿರಣ ಅರ್ಧ, ಅರ್ಧದಲ್ಲಿ ಅರ್ಧ, ಹೀಗೆ ತಣ್ಣಗಾಗುವವರೆಗೆ ಮುಟ್ಟಬಾರದೆಂಬ ನಿಯಮ ಮಾಡಿದವರು ಅವರೇ. ಕೈ ಹಿಂದೆ ತೆಗೆದರು. ಆ ದಿನಗಳಲ್ಲಿ ಅವರು ಕೂತಲ್ಲಿ ಕೂರಲಿಲ್ಲ. ಅಂಗೈಯಲ್ಲಿ ಇಷ್ಟಲಿಂಗವಿಟ್ಟು ಕಣ್ಣು ಮುಚ್ಚಿದರೂ ಮನಸ್ಸು ಡಬ್ಬಿಯ ಸುತ್ತಲೇ. ಇಲಿಗಳ ಮೂತ್ರಪಿಂಡ ಕೆಟ್ಟಿರಲಿ, ಆಗ ತಾನು ತಡೆದದ್ದು ಸರಿಯಾಗುತ್ತದೆ. ಪೂಜೆಯಲ್ಲಿ ಕೂತು ಇದನ್ನೇ ಬೇಡುತ್ತಿದ್ದೇನೆಂದು ಅರಿವಾದಾಗ ಕಣ್ಣು ತೆರೆದರು. ಕೆಟ್ಟಿದ್ದರೆ ಇನ್ನೆಷ್ಟು ಜನ ಅಣ್ಣನಂತೆ ಕತ್ತಲಲ್ಲೇ ಹೋಗಬೇಕು?

ಕೊನೆಗೆ ಡಬ್ಬಿ ತೆರೆಯಿತು. ಸೂಕ್ಷ್ಮದರ್ಶಕದಲ್ಲಿ ಒಂದೊಂದೇ ತುಣುಕನ್ನು ನೋಡಿ ಮುಗಿಸಿ ಗಿರಿಜಾ ತಲೆ ಎತ್ತಿದರು.

"ಏನ್ ಬಂತ್ರಿ?"

"ಚೊಲೊ ಐತಿ ಮಲಿಕಾ. ಎಲ್ಲಾ ಚೊಲೊ ಐತಿ."

ನೀಲವ್ವನಿಗೆ ಫೋನ್ ಮಾಡಿದರು. "ವಿಷ ಇರಲಿಲ್ಲ ವೈನಿ."

ನೀಲವ್ವ ಅಂದರು: "ಹಂಗಂದ್ರ ಇನ್ನ ಯಾರನ್ನೂ ಕಾಯಸಬ್ಯಾಡ."

ಗಿರಿಜಾ ಖಾಲಿ ಡಬ್ಬಿಯ ಮುಂದೆ ನಿಂತು ಕೈ ಮುಗಿದರು. ಶಿವನೇ, ಗೊತ್ತಿರಲಿಲ್ಲ, ಅದಕ್ಕೇ ತಡೆದೆ. ನಾಳೆ ಇನ್ನೊಂದು ಔಷಧ ಬಂದರೂ, ಗೊತ್ತಾಗುವವರೆಗೆ ತಡೆಯುವವಳೇ ನಾನು. ಕಾಯುತ್ತಲೇ ಹೋದ ನನ್ನಣ್ಣನಿಗೂ, ಅವನಿಗಾಗಿ ಹೋದ ಈ ಮೂಕಜೀವಗಳಿಗೂ ನಿನ್ನ ಪಾದದಲ್ಲಿ ಶಾಂತಿ ಕೊಡು ತಂದೆ.